ಕೊಯ್ದ ಹೊಲದ ಬೇಲಿ

ನಾನು ಚಿಕ್ಕವನಿದ್ದಾಗ ಬೇಲಿ ಇರುವುದು ಹೊಲ ಕಾಯುವುದಕ್ಕೆ ಎಂದುಕೊಂಡಿದ್ದೆ. ಒಳಗೆ ಬೆಳೆ ಇದ್ದರೆ ಬೇಲಿ ಬೇಕು, ಬೆಳೆ ಕೊಯ್ದ ಮೇಲೆ ಬೇಡ. ಒಂಬತ್ತು ವರ್ಷದ ಹುಡುಗನ ಬುದ್ಧಿ ಅಷ್ಟೇ ಓಡುತ್ತಿತ್ತು. ಅದು ತಪ್ಪು ಎಂದು ತಿಳಿಯುವಷ್ಟರಲ್ಲಿ ನಮ್ಮ ಮನೆಯ ಒಂದು ಜೀವ ಹೋಗಿತ್ತು. ಆ ದಿನದ ಕತೆಯನ್ನೇ ಇವತ್ತು ನಿಮಗೆ ಹೇಳುತ್ತೇನೆ. ಕೇಳಿದ ಮೇಲೆ ಅಜ್ಜನ ಮೇಲಿನ ನಿಮ್ಮ ಅಕ್ಕರೆ ಒಂದು ತೂಕ ಕಡಿಮೆಯಾದರೂ ಪರವಾಗಿಲ್ಲ. ಅಜ್ಜಂದಿರೆಲ್ಲ ಹುಟ್ಟಿದಾಗಿನಿಂದ ಒಳ್ಳೆಯವರಾಗಿಯೇ ಇದ್ದರು ಎಂದು ಮಕ್ಕಳು ನಂಬುವುದು ಅಷ್ಟು ಒಳ್ಳೆಯದಲ್ಲ.

ನಮ್ಮೂರು ಕೊಟ್ಟೂರಿಗೂ ಕೂಡ್ಲಿಗಿಗೂ ನಡುವೆ. ಕೆಂಪು ಮಣ್ಣು, ಕಲ್ಲುಗುಂಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂಥ ಗುಡ್ಡ, ಗುಡ್ಡದ ತುಂಬ ಸೀತಾಫಲದ ಗಿಡ. ಗಾಳಿ ಕೊಟ್ಟೂರಿನ ಕಡೆಯಿಂದ ಬೀಸಿದರೆ ಬೆಳಗಿನ ರೈಲಿನ ಕೂಗು ಸಣ್ಣಗೆ ಕೇಳಿಸುತ್ತಿತ್ತು. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ ಮತ್ತು ನಾನು. ಇವರಲ್ಲದೆ ಕೊಟ್ಟಿಗೆಯಲ್ಲಿ ಕೆಂದಾಕಳು ಮತ್ತು ಅದರ ಮಗಳು. ಆ ಮಗಳನ್ನು ನಾವು ಮಣಕ ಎಂದೇ ಕರೆಯುತ್ತಿದ್ದೆವು. ನಮ್ಮ ಕಡೆ ಇನ್ನೂ ಕರು ಹಾಕದ ಪ್ರಾಯದ ಆಕಳಿಗೆ ಹಾಗೆ ಅನ್ನುತ್ತಾರೆ. ಅದಕ್ಕೆ ಬೇರೆ ಹೆಸರಿಡಲು ಅಕ್ಕ ಒಪ್ಪಿರಲಿಲ್ಲ. ಹೆಸರಿಟ್ಟರೆ ದೃಷ್ಟಿ ತಾಗುತ್ತದೆ ಎನ್ನುವುದು ಅವಳ ವಾದ.

ಮಣಕ ಅಕ್ಕನದು. ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಆಕಳು ಕೊಟ್ಟು ಕಳಿಸುತ್ತಿದ್ದ ಕಾಲ ಅದು. ಅದಕ್ಕೆ ಬಳುವಳಿ ಎನ್ನುತ್ತಿದ್ದರು. ಮಣಕ ಹುಟ್ಟಿದ ದಿನವೇ ಅಪ್ಪ ಅದರ ಹಗ್ಗವನ್ನು ಅಕ್ಕನ ಕೈಗೆ ಕೊಟ್ಟು, "ಇದು ನಿಂದು, ಸಾಕ್ಕೊಂಡು ಹೋಗು" ಅಂದಿದ್ದ. ಅಕ್ಕನಿಗೆ ಆಗ ಹನ್ನೆರಡೋ ಹದಿಮೂರೋ. ಅವಳು ರಾಗಿ ಗಂಜಿಯಲ್ಲಿ ಬೆರಳು ಅದ್ದಿ ಅದಕ್ಕೆ ನೆಕ್ಕಿಸಿದಳು, ಮೈಮೇಲಿನ ಉಣ್ಣೆ ಹುಳ ಹೆಕ್ಕಿದಳು, ಕೊರಳಿಗೆ ಹಿತ್ತಾಳೆಯ ಗಂಟೆ ಕಟ್ಟಿದಳು. ಮಣಕದ ಹಣೆಯ ಮೇಲೆ ಬೆರಳಚ್ಚಿನಷ್ಟು ಬಿಳಿ. ಅಕ್ಕ ಕೂತರೆ ಅದು ಬಂದು ಅವಳ ಮೊಣಕಾಲಿನ ಮೇಲೆ ಗದ್ದ ಇಡುತ್ತಿತ್ತು. ನಾನು ಹತ್ತಿರ ಹೋದರೆ ತಲೆ ಕೊಡವುತ್ತಿತ್ತು. ಬಾಲ ಎಳೆದದ್ದು ಅದಕ್ಕೆ ನೆನಪಿತ್ತೇನೋ.

ಊರ ಶಾಲೆಗೆ ಒಬ್ಬರೇ ಮಾಸ್ತರು, ಹೊಳಲಿನ ಕಡೆಯವರು. ದೀಪಾವಳಿಗೆ ಮುಂಚೆ, ಸೀತಾಫಲ ಕಣ್ಣು ಬಿಡುವ ಹೊತ್ತಿಗೆ, ವರ್ಷಕ್ಕೊಂದು ದಿನ ಅವರು ನಮ್ಮನ್ನೆಲ್ಲ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಹೊರಡುವ ಮೊದಲು ಸಾಲಾಗಿ ನಿಲ್ಲಿಸಿ ಕಟ್ಟಳೆಗಳನ್ನು ಹೇಳುವುದು ಅವರ ರೂಢಿ.

"ಹೆಜ್ಜೇನಿನ ಗುಂಡಿನ ಹತ್ರ ಯಾರೂ ಬಾಯಿ ಬಿಡಂಗಿಲ್ಲ, ಕಲ್ಲು ಒಗಿಯಂಗಿಲ್ಲ. ಕಲ್ಲಿನ ಸಂದ್ಯಾಗ ಕೈ ಹಾಕಂಗಿಲ್ಲ, ಒಳಗ ಏನೈತೋ ನಿಮಗ ಗೊತ್ತಿಲ್ಲ. ಸೀತಾಫಲದ ಪೊದಿಗೆ ಹೋಗೋ ಮೊದ್ಲು ಚಪ್ಪಾಳಿ ತಟ್ರಿ, ಕರಡಿ ಇದ್ರ ಅದು ತನ್ನ ಪಾಡಿಗೆ ಹೋಗ್ತೈತಿ" ಎಂದರು ಮಾಸ್ತರು. ಆಮೇಲೆ ಕೊನೆಯದಾಗಿ, "ಬೇಲಿ ದಾಟಿದ ಮ್ಯಾಲ ಕಡೀಕ ಬಂದಾಂವ ಕಂಟಿ ಎಳದು ಕಂಡಿ ಮುಚ್ಚಬೇಕು. ಇದ್ದದ್ದು ಇದ್ದಂಗ ಇರ್ಬೇಕು" ಎಂದರು.

ಗುಡ್ಡದ ದಾರಿ ಒಬ್ಬ ಮುದುಕರ ಹೊಲದ ನಡುವೆ ಹಾದು ಹೋಗುತ್ತಿತ್ತು. ಅವರನ್ನು ನಾವು ಹುಡುಗರು ಹೊಲದಜ್ಜ ಎನ್ನುತ್ತಿದ್ದೆವು. ಅವರ ಹೊಲದ ಸುತ್ತ ಮುಳ್ಳಿನ ಬೇಲಿ. ಊರ ಕಡೆಗೆ ಮನುಷ್ಯರು ಓಡಾಡಲು ಒಂದು ಕಂಡಿ, ಆ ಕಂಡಿಗೆ ಅಡ್ಡವಾಗಿ ಎಳೆದಿಟ್ಟ ಜಾಲಿಮುಳ್ಳಿನ ದೊಡ್ಡ ಕೊಂಬೆ. ಅದೇ ಕಂಟಿ. ದಾಟುವವರು ಅದನ್ನು ಸರಿಸಿ, ದಾಟಿ, ಮತ್ತೆ ಎಳೆದಿಡಬೇಕು. ಗೇಟು, ಬೀಗ, ಚಿಲಕ ಎಲ್ಲವೂ ಅದೇ.

"ಕೊಯ್ದ ಹೊಲ ಐತಲ್ರಿ ಸಾರ್, ಯಾಕ ಮುಚ್ಚಬೇಕು?" ಎಂದು ಯಾರೋ ಕೇಳಿದರು. ನಾನಲ್ಲ. ಕೇಳುವಷ್ಟು ಆಸಕ್ತಿಯೂ ನನಗಿರಲಿಲ್ಲ.

"ಮ್ಯಾಲ ಹೋದ್ಮ್ಯಾಲ ಹೇಳ್ತೀನಿ, ನಡೀರಿ" ಎಂದರು ಮಾಸ್ತರು. ಮೇಲೆ ಹೋದ ಮೇಲೆ ಅವರು ಹೇಳಿದರಂತೆ, ಬಿಡಿಸಿ ಬಿಡಿಸಿ ಹೇಳಿದರಂತೆ. ನಾನು ಆ ಹೊತ್ತಿಗೆ ಸೀತಾಫಲದ ಗಿಡದಲ್ಲಿದ್ದೆ.

ಆ ದಿನ ನಾನು ಬಹಳ ಒಳ್ಳೆಯ ಹುಡುಗನಾಗಿದ್ದೆ ಎಂದು ನಿಮಗೆ ಹೇಳಬೇಕು. ಹೆಜ್ಜೇನಿನ ಗುಂಡಿನ ಕೆಳಗೆ ಉಸಿರು ಬಿಗಿಹಿಡಿದು ನಡೆದೆ. ಸಂದಿಯೊಳಗೆ ಉರುಳಿಹೋದ ನನ್ನದೇ ಹಣ್ಣನ್ನು ಹಾಗೆಯೇ ಬಿಟ್ಟೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ನಾನೇ. ಹೆದರಿಕೆ ಇದ್ದ ಮಾತುಗಳನ್ನೆಲ್ಲ ತಪ್ಪದೆ ಕೇಳಿದೆ. ಕಂಟಿಯ ಮಾತಿನಲ್ಲಿ ಹೆದರಿಕೆ ಇರಲಿಲ್ಲ. ಅದರಿಂದ ನನಗೆ ಏನೂ ಕಚ್ಚುತ್ತಿರಲಿಲ್ಲ.

ಮಧ್ಯಾಹ್ನ ಇಳಿಯುವಾಗ ಕಡೆಯವನು ನಾನೇ ಆದೆ. ಅಂಗಿಯ ಚುಂಗನ್ನು ಮೇಲಕ್ಕೆತ್ತಿ ಉಡಿ ಮಾಡಿಕೊಂಡು ಅದರ ತುಂಬ ಹಣ್ಣು ತುಂಬಿಕೊಂಡಿದ್ದೆ. ಎರಡೂ ಕೈ ಅದಕ್ಕೇ ಬೇಕಾಗಿದ್ದವು. ಕಂಡಿ ದಾಟುವಾಗ ಒಂದು ಹಣ್ಣು ಜಾರಿ ಬಿದ್ದು ಒಡೆದು, ಬಿಳಿ ತಿರುಳು ಮಣ್ಣಿಗೆ ಮೆತ್ತಿಕೊಂಡಿತು. ಉಳಿದವರು ಆಗಲೇ ಊರಿನ ಹತ್ತಿರ ಇದ್ದರು. ಕಂಟಿ ಎಳೆಯಬೇಕೆಂದರೆ ಹಣ್ಣುಗಳನ್ನೆಲ್ಲ ಕೆಳಗಿಡಬೇಕು. ಹಿಂತಿರುಗಿ ನೋಡಿದೆ. ಹೊಲದಲ್ಲಿ ಜೋಳ ಕೊಯ್ದು ಬಹಳ ದಿನವಾಗಿತ್ತು. ಕೊಯ್ದ ಬುಡಗಳಲ್ಲಿ, ಹಿಂದಿನ ತಿಂಗಳು ಬಿದ್ದ ಒಂದು ಮಳೆಗೆ ಮತ್ತೆ ಹಸಿರು ಚಿಗುರು ಬಂದು, ಆಮೇಲೆ ಬಿದ್ದ ಬಿಸಿಲಿಗೆ ಅದು ತುದಿಯಲ್ಲಿ ಬಾಡುತ್ತಿತ್ತು. ಕಾಯುವಂಥದ್ದು ಏನಿದೆ ಇಲ್ಲಿ ಎಂದುಕೊಂಡೆ. ಬಿಟ್ಟು ನಡೆದೆ.

ಕಂಡಿಯಿಂದ ಸ್ವಲ್ಪ ದೂರ ಬೇವಿನ ಮರದ ಕೆಳಗೆ ಅಕ್ಕ ಕೂತಿದ್ದಳು. ಕೆಂದಾಕಳೂ ಮಣಕವೂ ಬೀಳು ನೆಲದಲ್ಲಿ ಮೇಯುತ್ತಿದ್ದವು. ನಡುವೆ ತಂಗಡಿ ಗಿಡಗಳು ಒತ್ತಾಗಿ ಬೆಳೆದಿದ್ದರಿಂದ ಅಲ್ಲಿಂದ ಕಂಡಿ ಕಾಣುತ್ತಿರಲಿಲ್ಲ. ನಾನು ಉಡಿಯಿಂದ ಎಲ್ಲಕ್ಕಿಂತ ದೊಡ್ಡ ಹಣ್ಣನ್ನು ತೆಗೆದು ಅಕ್ಕನಿಗೆ ಕೊಟ್ಟೆ. ಅದನ್ನು ಪ್ರೀತಿಯಿಂದಲೇ ಕೊಟ್ಟೆ, ಅದರಲ್ಲಿ ಸುಳ್ಳಿಲ್ಲ. ಅಕ್ಕ ಹಣ್ಣನ್ನು ಒತ್ತಿ ನೋಡಿ ನಕ್ಕಳು.

"ಕಂಟಿ ಎಳದ್ ಬಂದ್ಯೇನು?" ಅಂದಳು.

"ಹ್ಞೂಂ, ಎಳದೀನಿ."

"ಗಟ್ಟಿ?"

"ಗಟ್ಟಿ."

ಇಷ್ಟೇ ಮಾತು. ಅಕ್ಕ ಮರಕ್ಕೆ ಬೆನ್ನು ಕೊಟ್ಟು, ಹೊಲದ ಕಡೆ ಬೆನ್ನು ಮಾಡಿ ಕೂತು ಹಣ್ಣು ಬಿಡಿಸತೊಡಗಿದಳು. ಮಣಕದ ಗಂಟೆ ಒಂದೇ ಸಮನೆ ಸಣ್ಣಗೆ ಆಡುತ್ತಿತ್ತು. ಮೇಯುವ ದನದ ಗಂಟೆ ಹಾಗೆ ಆಡುತ್ತಿದ್ದರೆ ಕಾಯುವವರು ತಿರುಗಿ ನೋಡುವ ಅಗತ್ಯವಿಲ್ಲ. ನಾನು ಮನೆಗೆ ಬಂದು, ಮಜ್ಜಿಗೆ ಕುಡಿದು, ಅಂಗಳದಲ್ಲಿ ಗೋಲಿ ಆಡಲು ಕೂತೆ. ಅಪ್ಪ ಪಕ್ಕದಲ್ಲಿ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ.

ಅಷ್ಟರಲ್ಲಿ ಅಕ್ಕ ಓಡಿ ಬಂದಳು. ಕೆಂದಾಕಳನ್ನು ಮುಂದೆ ಹೊಡೆದುಕೊಂಡು ಬಂದಿದ್ದಳು. ಅದು ಕುಡಿದವರ ಹಾಗೆ ಹೆಜ್ಜೆ ತಪ್ಪುತ್ತಿತ್ತು, ಬಾಯಲ್ಲಿ ಜೊಲ್ಲು ನೊರೆ ಕಟ್ಟಿತ್ತು. ಅಕ್ಕನ ಸೆರಗು ಮುಳ್ಳಿಗೆ ಸಿಕ್ಕು ಹರಿದಿತ್ತು.

"ಅಪ್ಪಾ, ಮಣಕ ಬಿದ್ದೈತಿ. ದಾರ್ಯಾಗ ಬಿದ್ದೈತಿ."

"ಏನ್ ತಿಂದಾವು?" ಅಪ್ಪ ಎದ್ದು ನಿಂತಾಗಿತ್ತು.

"ಕೂಳಿ ಜ್ವಾಳ."

ಅಪ್ಪ ಮತ್ತೇನೂ ಕೇಳಲಿಲ್ಲ. ಒಳಗೆ ಅವ್ವನಿಗೆ ಬೆಲ್ಲ ಎಂದು ಕೂಗಿದ. ಅವ್ವ ದೊಡ್ಡ ಗಡಿಗೆಯಲ್ಲಿ ಬೆಲ್ಲ ಪುಡಿಮಾಡಿ ನೀರು ಸುರಿದಳು. ಗೋಡೆಗೆ ಸಿಕ್ಕಿಸಿದ್ದ ಬಿದಿರಿನ ಗೊಟ್ಟಗಳು ಎರಡು, ದನಕ್ಕೆ ಔಷಧ ಕುಡಿಸುವಂಥವು. ಒಂದನ್ನು ಅವ್ವನ ಕೈಗೆ ಕೊಟ್ಟು ಕೆಂದಾಕಳಿಗೆ ಕುಡಿಸಲು ಹೇಳಿ, ಇನ್ನೊಂದನ್ನೂ ಒಂದು ಚೊಂಬು ಬೆಲ್ಲದ ನೀರನ್ನೂ ಹಿಡಿದು ಅಪ್ಪ ಓಡಿದ. ಅಕ್ಕ ಹಿಂದೆ ಓಡಿದಳು. ನಾನೂ ಓಡಿದೆ. ಕಾಲು ಓಡುತ್ತಿದ್ದವು, ಅಷ್ಟೇ ಗೊತ್ತು.

ಕೂಳೆ ಎಂದರೆ ಕೊಯ್ದ ಬುಡದಿಂದ ಮತ್ತೆ ಬರುವ ಚಿಗುರು. ಜೋಳದ ಎಳೆಯ ಕೂಳೆ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಕೂಳೆ, ದನಕ್ಕೆ ವಿಷ. ಅದೇ ಜೋಳ ಎತ್ತರ ಬೆಳೆದು ತೆನೆ ಕಟ್ಟಿದರೆ ಸೊಪ್ಪೆ ದನಕ್ಕೆ, ಕಾಳು ನಮಗೆ. ದನಕ್ಕೆ ಈ ಭೇದ ಗೊತ್ತಿಲ್ಲ, ಅದಕ್ಕೆ ಹಸಿರು ಎಂದರೆ ಹಸಿರು. ಹಾಗಾಗಿಯೇ ಹೊಲದಜ್ಜ ಕೊಯ್ದ ಹೊಲಕ್ಕೂ ಕಂಟಿ ಎಳೆದಿಟ್ಟಿದ್ದರು. ಅವರು ಕಾಯುತ್ತಿದ್ದದ್ದು ಹೊಲವನ್ನಲ್ಲ, ಊರಿನ ದನಗಳನ್ನು.

ಮಣಕ ದಾರಿಯ ಮೇಲೆ ಒಂದು ಮಗ್ಗುಲಾಗಿ ಬಿದ್ದಿತ್ತು. ಹೊಟ್ಟೆ ಬೇಗ ಬೇಗ ಏರಿ ಇಳಿಯುತ್ತಿತ್ತು. ಅಪ್ಪ ತಲೆ ಎತ್ತಿ ಹಿಡಿದು ಗೊಟ್ಟ ಇಟ್ಟ, ಬೆಲ್ಲದ ನೀರು ಒಳಗೆ ಹೋಗದೆ ಬಾಯಿಯ ಪಕ್ಕದಿಂದ ಮಣ್ಣಿಗೆ ಹರಿಯಿತು. ಅಕ್ಕ ಅದರ ಗದ್ದವನ್ನು ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡಳು. ಕಾಲುಗಳು ಒಮ್ಮೆ ಉದ್ದಕ್ಕೆ ಚಾಚಿದವು. ಆಮೇಲೆ ಹೊಟ್ಟೆ ಏರಲಿಲ್ಲ. ಅಪ್ಪ ಗೊಟ್ಟವನ್ನು ಕೆಳಗಿಟ್ಟ.

ನಾನು ಹತ್ತಿರ ಹೋಗಿ ಮಣಕದ ಕಿವಿ ಮುಟ್ಟಿದೆ. ಬಿಸಿಲಿಗೆ ಇಟ್ಟ ಬಟ್ಟೆಯಷ್ಟು ಬೆಚ್ಚಗಿತ್ತು. ಈ ಸಲ ಅದು ತಲೆ ಕೊಡವಲಿಲ್ಲ.

"ಕಂಡಿ ತೆರೆದಿತ್ತೇನು?" ಎಂದು ಅಪ್ಪ ಕೇಳಿದ.

ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. ಅವಳು ಹೊಲದೊಳಕ್ಕೆ ಓಡಿ ಹೋದದ್ದೂ ದನಗಳನ್ನು ಹೊರಕ್ಕೆ ಹೊಡೆದದ್ದೂ ಅದೇ ಕಂಡಿಯಿಂದ. ಅವಳಿಗೆ ಎಲ್ಲ ಗೊತ್ತಿತ್ತು. ನಾನು ಮಣಕದ ಕಿವಿಯಿಂದ ಕೈ ತೆಗೆದೆ.

"ನಾ ನೋಡ್ಲಿಲ್ಲಪ್ಪ" ಅಂದಳು ಅಕ್ಕ. "ಹಣ್ಣು ತಿನ್ಕೊಂತ ಕೂತಬಿಟ್ಟಿದ್ದೆ."

ನನಗೆ ಅಳು ಬರಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ತನ್ನ ಕಾಲೆಂದು ಅನ್ನಿಸುವುದಿಲ್ಲವಲ್ಲ, ಅಂಥದ್ದು ನನ್ನ ಎದೆಗೆ ಹಿಡಿದಿತ್ತು. ಸಂಜೆ ಅಪ್ಪನೂ ಪಕ್ಕದ ಹೊಲದ ಇಬ್ಬರೂ ಸೇರಿ ನಮ್ಮ ಹೊಲದ ಬದುವಿನಲ್ಲಿ ಆಳವಾಗಿ ಗುಂಡಿ ತೋಡಿದರು. ವಿಷ ತಿಂದು ಸತ್ತದ್ದನ್ನು ನಾಯಿ ನರಿ ತಿನ್ನಬಾರದು ಎಂದು ಮೇಲೆ ಕಲ್ಲು ಹೇರಿದರು. ಕೆಂದಾಕಳು ಬೆಲ್ಲದ ನೀರಿಗೋ, ಕಡಿಮೆ ತಿಂದಿದ್ದಕ್ಕೋ ಬದುಕಿಕೊಂಡಿತು. ಮನೆಗೆ ಬಂದು ನಾನು ಒಂದೂವರೆ ರೊಟ್ಟಿ ತಿಂದೆ. ದಿನಾ ತಿನ್ನುತ್ತಿದ್ದಷ್ಟೇ. ಅದು ಇವತ್ತಿಗೂ ನನಗೆ ನಾಚಿಕೆಯ ವಿಷಯ, ಆದರೆ ತಿಂದೆ. ರುಚಿ ಮಾತ್ರ ನೆನಪಿಲ್ಲ.

ಮಾರನೆಯ ದಿನ ಹೊಲದಜ್ಜ ಬಂದರು. ಕಟ್ಟೆಯ ಮೇಲೆ ಕೂರಲಿಲ್ಲ, ಅಂಗಳದಲ್ಲೇ ನಿಂತರು. ವರ್ಷಗಟ್ಟಲೆ ಕಂಟಿ ಎಳೆದೆಳೆದು ಅವರ ಅಂಗೈ ತುಂಬ ಮುಳ್ಳಿನ ಗುರುತುಗಳಿದ್ದವು. ಅದೇ ಕೈಗಳನ್ನು ಮುಂದಕ್ಕೆ ಚಾಚಿ, "ನಾ ಎಳದಿದ್ದೆ ಅಂತ ನೆನಪೈತೆಪ್ಪ. ಆದ್ರ ವಯಸ್ಸಾತು. ಎಳದಿಲ್ಲೋ ಏನೋ, ಮರ್ತೆನೋ ಏನೋ" ಅಂದರು.

"ನಿಂದೇನ್ ತಪ್ಪಿಲ್ಲ ಮಾವ, ಕೂತ್ಕೋ" ಅಂದ ಅಪ್ಪ. ಅವ್ವ ನೀರು ತಂದು ಕೊಟ್ಟಳು. ಅವರು ಕುಡಿಯದೆ ಚೊಂಬನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಒಳಗೆ ಅಕ್ಕ ಬೀಸುಕಲ್ಲಿನ ಮುಂದೆ ಕೂತು ಬೀಸುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳಿದೆ. ತಪ್ಪು ಮಾಡದ ಇಬ್ಬರು ತಪ್ಪು ಹೊತ್ತುಕೊಂಡು ಓಡಾಡುತ್ತಿದ್ದರು, ತಪ್ಪು ಮಾಡಿದವನು ಪಾಟಿ ಚೀಲ ಹಾಕಿಕೊಂಡು ಶಾಲೆಗೆ ಹೋದ. ಮಾಸ್ತರು ಆ ದಿನ ಮಗ್ಗಿ ಕೇಳಿದರು. ನಾನು ತಪ್ಪಿಲ್ಲದೆ ಹೇಳಿದೆ.

ಆ ಮೂರು ದಿನ ಮನೆಯಲ್ಲಿ ಮಾತು ಕಡಿಮೆ. ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳದಲ್ಲಿ ಒಂದು ಬಿಸಿ ಇರುತ್ತದೆ, ಅದು ಜೋಮನ್ನು ಬಿಡಿಸುತ್ತದೆ. ಅವ್ವ ಗಂಟೆಯನ್ನು ಒರೆಸಿ ಕೊಟ್ಟಿಗೆಯ ಮೊಳೆಗೆ ತೂಗುಹಾಕಿದ್ದಳು. ಕೆಂದಾಕಳು ಬಾಗಿಲ ಕಡೆ ನೋಡಿಕೊಂಡು ಕೂಗುತ್ತಿತ್ತು. ಅಕ್ಕ ಅದರ ಮೈ ತಿಕ್ಕಿದಳು. ನನಗೆ ತಟ್ಟೆ ಇಡುವುದು, ತಲೆಗೆ ಎಣ್ಣೆ ಹಚ್ಚುವುದು, ಎಲ್ಲವನ್ನೂ ಮಾಡಿದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ನಾನು ಮನೆಗೆ ಹೋಗದೆ ಆ ಕಂಡಿಗೆ ಹೋದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಯಾರೂ ಏನೂ ಅಂದಿರಲಿಲ್ಲ, ಆದರೂ ಕಾಲು ಅಲ್ಲಿಗೇ ಎಳೆದವು. ಕಂಟಿ ಭದ್ರವಾಗಿಯೇ ಇತ್ತು. ಅದರ ಮೇಲೆ ಇನ್ನೊಂದು ಕೊಂಬೆ ಎಳೆದು ಹಾಕಿದೆ, ಅದರ ಮೇಲೆ ಮತ್ತೊಂದು. ಅಂಗೈಗೆ ಮುಳ್ಳು ಚುಚ್ಚಿ ರಕ್ತ ಬಂತು. ನೋವು ಗೊತ್ತಾಯಿತು. ಆ ಮೂರು ದಿನಗಳಲ್ಲಿ ನನಗೆ ಗೊತ್ತಾದ ಮೊದಲನೆಯ ನೋವು ಅದು, ಮತ್ತು ಅದು ಒಂದು ಸಮಾಧಾನದ ಹಾಗೆಯೇ ಇತ್ತು.

"ಸಾಕು ಬಿಡು. ಮನುಷ್ಯಾರೂ ದಾಟಬೇಕಲ್ಲೋ" ಎಂಬ ಮಾತು ಹಿಂದಿನಿಂದ ಕೇಳಿಸಿತು. ಅಪ್ಪ ನಿಂತಿದ್ದ.

ಅವನು ಬಂದು ಮೇಲಿನ ಎರಡು ಕೊಂಬೆಗಳನ್ನು ಎತ್ತಿ ಪಕ್ಕಕ್ಕೆ ಹಾಕಿದ. "ಅವತ್ತು ಈ ಕಂಡ್ಯಾಗ ಸೀತಾಫಲ ಒಡದು ಬಿದ್ದಿತ್ತು. ಕಡೀಕ ಬಂದಾಂವ ಯಾರಂತ ಮಾಸ್ತರನ್ನ ಕೇಳ್ದೆ" ಅಂದ.

ನಾನು ನೆಲ ನೋಡಿದೆ. ಒಡೆದ ಹಣ್ಣಿನ ಬೀಜಗಳು ಇನ್ನೂ ಅಲ್ಲೇ ಇದ್ದವು, ಇರುವೆಗಳು ತಿರುಳನ್ನೆಲ್ಲ ಒಯ್ದಿದ್ದವು.

"ನೀನಾಗೇ ಹೇಳ್ತಿ ಅಂತ ನೋಡ್ದೆ. ಮೂರು ದಿನ ನೋಡ್ದೆ."

ಒಂದು ಮಾತು ಹೇಳುತ್ತೇನೆ. ಅಪ್ಪ ಒಳ್ಳೆಯವನು, ಆದರೆ ಆ ಮೂರು ದಿನಕ್ಕಾಗಿ ಅವನ ಮೇಲೆ ನನಗೆ ಈಗಲೂ ಒಂದಿಷ್ಟು ಸಿಟ್ಟಿದೆ. ನನಗೆ ಬುದ್ಧಿ ಬರಲಿ ಎಂದು ಕಾಯುವಾಗ ಅಕ್ಕನನ್ನು ಯಾಕೆ ಬೇಯಿಸಬೇಕಿತ್ತು? ಹೊಲದಜ್ಜನನ್ನು ಯಾಕೆ? ಆವತ್ತು ಇದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಕೇಳುವ ಯೋಗ್ಯತೆಯೂ ಇರಲಿಲ್ಲ.

"ನಾ ಎಳೀಲಿಲ್ಲಪ್ಪ" ಅಂದೆ. ದನಿ ಬೇರೆ ಯಾರದೋ ಹಾಗೆ ಕೇಳಿಸಿತು. "ಎಳದೀನಿ ಅಂತ ಅಕ್ಕಗ ಸುಳ್ಳು ಹೇಳ್ದೆ."

"ನನಗ ಹೇಳಿ ಏನ್ ಮಾಡ್ತಿ. ಅಕ್ಕಗ ಹೇಳು. ಆ ಮುದುಕಗೂ ಹೇಳು."

ಹೊಲದಜ್ಜನ ಮನೆ ಮೊದಲು ಸಿಕ್ಕಿತು. ಅವರು ಕಟ್ಟೆಯ ಮೇಲೆ ಕೂತಿದ್ದರು. ನಾನು ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವರು ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ತಮ್ಮ ಅಂಗೈಯನ್ನೇ ನೋಡಿಕೊಂಡು, "ಹಂಗಾರ ನಾ ಎಳದಿದ್ದೆ" ಅಂದರು. ಮತ್ತೆ ಅಂದರು, "ಹಂಗಾರ ನಾ ಮರ್ತಿರಲಿಲ್ಲ." ಅವರ ಕಣ್ಣಲ್ಲಿ ನೀರಿತ್ತು. ಆ ನಾಲ್ಕು ದಿನ ಆ ಮುದುಕರು ತಮ್ಮ ನೆನಪನ್ನೇ ಕಳೆದುಕೊಂಡೆ ಎಂದು ಹೆದರಿಕೊಂಡು ಕೂತಿದ್ದರು. ನನ್ನ ಒಂದು ಸುಳ್ಳು ಎಲ್ಲೆಲ್ಲಿ ಹೋಗಿ ಮೇಯ್ದಿತ್ತು ಎಂದು ಆಗ ತಿಳಿಯಿತು.

ಮನೆಗೆ ಬಂದಾಗ ಅಕ್ಕ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ನಾನು ಹೇಳಿದೆ. ಅವಳು ಬಾಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತು" ಅಂದಳು.

"ಅಪ್ಪಗ ಯಾಕ ಹೇಳಲಿಲ್ಲ?"

ಅವಳು ಸಗಣಿಯನ್ನು ಬುಟ್ಟಿಗೆ ತುಂಬಿದಳು. ಆ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ನನ್ನ ಅಂಗೈಗೆ ಚುಚ್ಚಿದ ಮುಳ್ಳಿನ ಗುರುತು ನೋಡಿ, "ಈಗ ಅಲ್ಲಿಂದ ಬಂದ್ಯಲ್ಲ, ಕಂಟಿ ಎಳದ್ ಬಂದ್ಯೇನು?" ಅಂದಳು.

"ಹ್ಞೂಂ, ಎಳದೀನಿ."

ನಾನು ಕಾದೆ. 'ಗಟ್ಟಿ?' ಎಂದು ಕೇಳುತ್ತಾಳೆ, ಈ ಸಲ ನಿಜವಾಗಿ 'ಗಟ್ಟಿ' ಅನ್ನಬಹುದು ಎಂದು ಕಾದೆ. ಅವಳು ಕೇಳಲಿಲ್ಲ. ಬಾನಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕಂಟಿಯನ್ನು ತಾನೇ ಕಣ್ಣಾರೆ ನೋಡಿಬರಲು ಹೋದಳು. ಅವಳು ಬೀದಿ ತಿರುಗುವವರೆಗೆ ನೋಡುತ್ತ ನಿಂತೆ. ಆಗ ನನಗೆ ಅಳು ಬಂತು. ಕೆಂದಾಕಳಿನ ಪಕ್ಕದಲ್ಲಿ ಕೂತು, ಬಿಕ್ಕಿ ಬಿಕ್ಕಿ, ನಾಲ್ಕು ದಿನದ್ದೆಲ್ಲ ಅತ್ತೆ.

ಎರಡು ವರ್ಷದ ಮೇಲೆ ಅಕ್ಕನ ಮದುವೆ ಹಿರೇಹಡಗಲಿಗೆ ಆಯಿತು. ಬಳುವಳಿಯಾಗಿ ಕೆಂದಾಕಳನ್ನೇ ಕೊಟ್ಟರು. ಆ ವರ್ಷ ನಮ್ಮ ಮನೆಯಲ್ಲಿ ಮೊಸರಿರಲಿಲ್ಲ, ಯಾರೂ ಕೇಳಲೂ ಇಲ್ಲ. ಅಕ್ಕ ನನ್ನ ಮೇಲೆ ಮುನಿಸು ಇಟ್ಟುಕೊಂಡವಳಲ್ಲ. ನನ್ನ ಮದುವೆಗೆ ಬಂದು ಕುಣಿದವಳು ಅವಳು. ಆದರೆ 'ಗಟ್ಟಿ?' ಎಂಬ ಆ ಒಂದು ಮಾತನ್ನು ಅವಳು ಆಮೇಲೆ ವರ್ಷಗಟ್ಟಲೆ ನನಗೆ ಕೇಳಲಿಲ್ಲ. ನಾನು ಏನು ಹೇಳಿದರೂ ಹ್ಞೂಂ ಎಂದು ಕೇಳಿಸಿಕೊಂಡು, ಆಮೇಲೆ ತಾನೇ ಒಮ್ಮೆ ನೋಡುತ್ತಿದ್ದಳು. ರೈಲಿನ ಹೊತ್ತು ಹೇಳಿದರೂ ಅಷ್ಟೇ.

ನಿಮ್ಮ ಕಾಲ ಬೇರೆ. ಹೋದ ವಾರ ನಿಮ್ಮ ಶಾಲೆಯಿಂದ ಹೊಲ, ಗುಡ್ಡ ತೋರಿಸಲು ಕರೆದುಕೊಂಡು ಹೋದರಲ್ಲ, ಮನೆಗೊಬ್ಬರು ಹಿರಿಯರು ಬರಲಿ ಎಂದು ನನ್ನನ್ನೂ ಕರೆದರು. ನಡೆದುಕೊಂಡು ಅಲ್ಲ, ಬಸ್ಸಿನಲ್ಲಿ. ನಿಮಗೆ ಕಟ್ಟಳೆಗಳು ಅಚ್ಚಾದ ಹಾಳೆಯಲ್ಲಿ ಬಂದವು: ಪ್ಲಾಸ್ಟಿಕ್ ಎಸೆಯಬೇಡಿ, ದನಗಳು ತಿನ್ನುತ್ತವೆ; ತಂತಿ ಬೇಲಿ ಮುಟ್ಟಬೇಡಿ, ಶಾಕ್ ಹೊಡೆಯುತ್ತದೆ; ಬಾವಿಗೆ ಇಣುಕಬೇಡಿ, ಹನಿ ನೀರಾವರಿಯ ಪೈಪು ತುಳಿಯಬೇಡಿ, ತೆರೆದ ಗೇಟನ್ನು ಮುಚ್ಚಿ. ಓದುವಾಗ ನೀವು ಶಾಕಿನ ಮಾತಿಗೆ ಕಣ್ಣರಳಿಸಿದಿರಿ, ಗೇಟಿನ ಮಾತನ್ನು ಹಾರಿಸಿದಿರಿ. ನಾನು ನೋಡಿದೆ. ನಮ್ಮ ವಂಶದ ಗುಣ, ಎಲ್ಲಿ ಹೋಗುತ್ತದೆ.

ಮೆಕ್ಕೆಜೋಳ ಕೊಯ್ದ ಆ ಹೊಲದ ಕಬ್ಬಿಣದ ಗೇಟು ದಾಟುವಾಗ ಕಡೆಯವಳು ನಿಮ್ಮಿಬ್ಬರಲ್ಲೇ ಒಬ್ಬಳು, ನಮ್ಮ ಮೊಮ್ಮಗಳು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಕುರುಕಲು ತಿಂಡಿ. ಗೇಟನ್ನು ಹಾಗೆಯೇ ಬಿಟ್ಟು ನಾಲ್ಕು ಹೆಜ್ಜೆ ನಡೆದವಳು ನನ್ನ ಮುಖ ನೋಡಿ ನಿಂತಳು.

"ಅಜ್ಜ, ಒಳಗ ಏನೂ ಇಲ್ಲಲ್ಲ. ಯಾಕ ಹಾಕ್ಬೇಕು?"

"ಮೊದ್ಲು ಹಾಕು. ಯಾಕಂತ ಆಮ್ಯಾಲ ಹೇಳ್ತೀನಿ" ಅಂದೆ.

ಅವಳು ಮೊಬೈಲನ್ನು ಕಿಸೆಗೆ ಹಾಕಿ, ತಿಂಡಿಯ ಚೀಲವನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಿಂದ ಗೇಟು ಎಳೆದು ಸರಪಳಿಯ ಕೊಂಡಿ ಸಿಕ್ಕಿಸಿದಳು. ನಾನೂ ಹೋಗುತ್ತ ಹೋಗುತ್ತ ಒಂದು ಸಲ ಜಗ್ಗಿ ನೋಡಿದೆ. 'ಆಮ್ಯಾಲ ಹೇಳ್ತೀನಿ' ಎಂದಿದ್ದೆನಲ್ಲ, ಆ ಮಾತೇ ಇದು. ಮಾಸ್ತರು ಮೇಲೆ ಹೋದ ಮೇಲೆ ಹೇಳಿದರು. ನಾನು ಕೆಳಗಿಳಿದ ಮೇಲೆ ಹೇಳುತ್ತಿದ್ದೇನೆ. ನೀವು ಗಿಡದಲ್ಲಿ ಇಲ್ಲ ತಾನೆ?

ಆ ಸಂಜೆ ಹಿರೇಹಡಗಲಿಯಿಂದ ಅಕ್ಕನ ಫೋನು ಬಂತು. ಈಗ ಅವಳಿಗೆ ಕಣ್ಣು ಮಂಜು, ಎಲ್ಲಿಗೂ ಎದ್ದು ಹೋಗಿ ನೋಡಿಬರುವಂತಿಲ್ಲ. ಆದರೆ ಕಿವಿ ಚುರುಕು. ನೀವಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು, ಹೊಲ ನೋಡಿದೆವು, ಗುಡ್ಡ ನೋಡಿದೆವು ಎಂದು ಕೂಗಿದಿರಿ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಬರೋವಾಗ ಕಂಟಿ ಎಳದ್ ಬಂದ್ರೇನು?" ಅಂದಳು. ನಿಮಗೆ ಕಂಟಿ ಎಂದರೆ ಏನೆಂದೇ ಗೊತ್ತಿರಲಿಲ್ಲ. ಇಬ್ಬರೂ ತಿರುಗಿ ನನ್ನ ಮುಖ ನೋಡಿದಿರಿ.

ನಾನು ಫೋನು ತೆಗೆದುಕೊಂಡು, "ಹ್ಞೂಂ ಅಕ್ಕ, ಎಳದ್ ಬಂದೀವಿ" ಅಂದೆ.

ಆ ಕಡೆ ಅವಳ ಮನೆಯ ಕೊಟ್ಟಿಗೆಯಲ್ಲಿ ಯಾವುದೋ ದನದ ಗಂಟೆ ಆಡುತ್ತಿತ್ತು.

"ಗಟ್ಟಿ?" ಅಂದಳು.

"ಗಟ್ಟಿ" ಅಂದೆ.